ಆಫೀಸ್ ಪ್ರಿಂಟರ್‌ಗೆ ಬದಲಾಗದ ವಿಳಾಸ: ಡಿಎಚ್‌ಸಿಪಿ ರಿಸರ್ವೇಶನ್ ಮತ್ತು ಬೂಟ್‌ಪಿ ಹೊಂದಿಸುವ ಬಗೆ

"ನಿನ್ನೆ ಸಂಜೆವರೆಗೂ ಪ್ರಿಂಟ್ ಬರ್ತಿತ್ತು. ಬೆಳಗ್ಗೆ ಬಂದು ನೋಡಿದ್ರೆ ಆಫ್‌ಲೈನ್ ಅಂತಿದೆ. ಪ್ರಿಂಟರ್ ಆನ್ ಇದೆ, ಕೇಬಲ್ ಸರಿ ಇದೆ. ಏನು ಮಾಡೋದು?" ಓದುಗರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಒಬ್ಬರು ಆಡಿಟರ್ ಆಫೀಸಿನಿಂದ ಕೇಳುತ್ತಾರೆ, ಇನ್ನೊಬ್ಬರು ಶಾಲೆಯಿಂದ, ಮತ್ತೊಬ್ಬರು ಕ್ಲಿನಿಕ್‌ನಿಂದ. ಹೆಚ್ಚಿನವರು ಪ್ರಿಂಟರ್ ತೆಗೆದುಹಾಕಿ ಡ್ರೈವರ್ ಹೊಸದಾಗಿ ಹಾಕುತ್ತಾರೆ. ಸರಿಹೋಗುತ್ತದೆ. ಸ್ವಲ್ಪ ದಿನಕ್ಕೆ ಮತ್ತೆ ಅದೇ ರಗಳೆ.

ಇದರಲ್ಲಿ ಡ್ರೈವರ್‌ನ ತಪ್ಪು ಏನೂ ಇರುವುದಿಲ್ಲ. ಪ್ರಿಂಟರ್‌ನ ವಿಳಾಸ ಬದಲಾಗಿರುತ್ತದೆ, ಕಂಪ್ಯೂಟರ್ ಇನ್ನೂ ಹಳೆಯ ವಿಳಾಸಕ್ಕೇ ಕಾಗದ ಕಳಿಸುತ್ತಿರುತ್ತದೆ. ಪ್ರಿಂಟರ್‌ಗೆ ಯಾವಾಗಲೂ ಒಂದೇ ವಿಳಾಸ ಸಿಗುವಂತೆ ಮಾಡಿಬಿಟ್ಟರೆ ಈ ಕಾಟ ನಿಲ್ಲುತ್ತದೆ. ಆ ವಿಳಾಸವನ್ನು ಪ್ರಿಂಟರ್ ಒಳಗೆ ಹೋಗಿ ಟೈಪ್ ಮಾಡಬೇಡಿ. ವಿಳಾಸ ಹಂಚುವ ಜಾಗದಲ್ಲೇ ಬರೆದಿಡಿ. ಹೇಗೆ ಅಂತ ನೋಡೋಣ.

ಮೊದಲು ನಾಲ್ಕು ಮಾತು ಗೊತ್ತಿರಲಿ

ಐಪಿ ವಿಳಾಸ ಅಂದರೆ ನೆಟ್‌ವರ್ಕ್‌ನಲ್ಲಿ ಒಂದು ಯಂತ್ರವನ್ನು ಗುರುತಿಸುವ ಸಂಖ್ಯೆ. ಉದಾಹರಣೆಗೆ 192.168.10.21. ಇದು ಬದಲಾಗಬಹುದು.

ಮ್ಯಾಕ್ ವಿಳಾಸ ಅಂದರೆ ಪ್ರಿಂಟರ್‌ನ ನೆಟ್‌ವರ್ಕ್ ಕಾರ್ಡಿಗೆ ಕಾರ್ಖಾನೆಯಲ್ಲೇ ಕೊಟ್ಟ ಗುರುತು. 12 ಅಕ್ಷರ ಇರುತ್ತದೆ, ಎರಡೆರಡಾಗಿ ಜೋಡಿಸಿ ಬರೆಯುತ್ತಾರೆ: 00:11:22:33:44:55. ಪ್ರಿಂಟರ್‌ನಲ್ಲಿ ಇದು ತಾನಾಗಿ ಬದಲಾಗುವುದಿಲ್ಲ. ನಮ್ಮ ಕೆಲಸಕ್ಕೆ ಇದೇ ಆಧಾರ.

ಡಿಎಚ್‌ಸಿಪಿ ಅಂದರೆ ನೆಟ್‌ವರ್ಕ್‌ಗೆ ಬಂದ ಯಂತ್ರಗಳಿಗೆ ಐಪಿ ವಿಳಾಸ ಹಂಚುವ ವ್ಯವಸ್ಥೆ. ಸಣ್ಣ ಆಫೀಸುಗಳಲ್ಲಿ ಈ ಕೆಲಸ ಮಾಡುವುದು ರೂಟರ್. ಪ್ರಿಂಟರ್ ಆನ್ ಆದ ತಕ್ಷಣ "ಯಾರಾದರೂ ವಿಳಾಸ ಕೊಡ್ತೀರಾ?" ಅಂತ ಇಡೀ ನೆಟ್‌ವರ್ಕ್‌ಗೆ ಕೂಗಿ ಕೇಳುತ್ತದೆ. ಸರ್ವರ್, ಅಂದರೆ ವಿಳಾಸ ಹಂಚುವ ಯಂತ್ರ, "ಇದನ್ನು ತಗೋ" ಅನ್ನುತ್ತದೆ. ಪ್ರಿಂಟರ್ "ಸರಿ, ಅದೇ ಬೇಕು" ಅನ್ನುತ್ತದೆ. ಸರ್ವರ್ "ಆಯ್ತು, ಇಷ್ಟು ಹೊತ್ತು ನಿನ್ನದು" ಅಂತ ಖಾತ್ರಿ ಮಾಡುತ್ತದೆ. ಆ 'ಇಷ್ಟು ಹೊತ್ತು' ಎಂಬುದಕ್ಕೆ ಲೀಸ್ ಅನ್ನುತ್ತಾರೆ. ಲೀಸ್ ಮುಗಿಯುವಾಗ ಪ್ರಿಂಟರ್ ಆಫ್ ಆಗಿದ್ದರೆ ಅದರ ವಿಳಾಸ ಬೇರೆಯವರ ಮೊಬೈಲ್‌ಗೆ ಹೋಗಬಹುದು. ಶನಿವಾರ ಮಧ್ಯಾಹ್ನ ಬಾಗಿಲು ಹಾಕಿ ಸೋಮವಾರ ತೆಗೆಯುವ ಆಫೀಸುಗಳಲ್ಲಿ ಈ ತೊಂದರೆ ಸೋಮವಾರವೇ ಜಾಸ್ತಿ ಕಾಣುವುದು ಇದಕ್ಕೇ.

ರಿಸರ್ವೇಶನ್ ಅಂದರೆ "ಈ ಮ್ಯಾಕ್ ಬಂದರೆ ಈ ಐಪಿಯನ್ನೇ ಕೊಡು, ಇನ್ನಾರಿಗೂ ಕೊಡಬೇಡ" ಎಂಬ ಸೂಚನೆ. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಸೀಟು ಬುಕ್ ಮಾಡಿದ ಹಾಗೆ. ನೀವು ತಡವಾಗಿ ಹತ್ತಿದರೂ ಆ ಸೀಟು ನಿಮಗೇ.

ಬೂಟ್‌ಪಿ ಎಂಬ ಹೆಸರು ಹಳೆಯ ಪ್ರಿಂಟರ್‌ಗಳ ಮೆನುವಿನಲ್ಲಿ ಕಾಣುತ್ತದೆ. ಇದು ಡಿಎಚ್‌ಸಿಪಿಯ ಹಿರಿಯಣ್ಣ. 1985ರಲ್ಲಿ ಬಂದದ್ದು. ಡಿಸ್ಕ್ ಇಲ್ಲದ ಕಂಪ್ಯೂಟರ್‌ಗಳು ನೆಟ್‌ವರ್ಕ್ ಮೂಲಕವೇ ಶುರುವಾಗಲಿ, ಶುರುವಾಗುವಾಗಲೇ ತಮ್ಮ ವಿಳಾಸ ತಿಳಿದುಕೊಳ್ಳಲಿ ಅಂತ ಮಾಡಿದ್ದರು. ಅದರಲ್ಲಿ ಲೀಸ್ ಎಂಬುದೇ ಇರಲಿಲ್ಲ. ಯಾವ ಮ್ಯಾಕ್‌ಗೆ ಯಾವ ಐಪಿ ಅಂತ ಒಬ್ಬರು ಕೂತು ಪಟ್ಟಿ ಬರೆಯಬೇಕಿತ್ತು. 1993ರಲ್ಲಿ ಇದರ ಮೇಲೇ ಡಿಎಚ್‌ಸಿಪಿ ಕಟ್ಟಿದರು. ಇಂದು ಬಳಸುವ ಡಿಎಚ್‌ಸಿಪಿಯ ಮೂಲ ದಾಖಲೆ 1997ರದು. ಎರಡೂ ಯುಡಿಪಿ 67 ಮತ್ತು 68 ಎಂಬ ಅದೇ ಪೋರ್ಟ್‌ಗಳಲ್ಲಿ ಮಾತಾಡುತ್ತವೆ. (ಯುಡಿಪಿ ಅಂದರೆ ನೆಟ್‌ವರ್ಕ್‌ನಲ್ಲಿ ಸಂದೇಶ ಕಳಿಸುವ ಒಂದು ವಿಧಾನ. ಪೋರ್ಟ್ ಅಂದರೆ ಯಂತ್ರದೊಳಗೆ ಒಂದೊಂದು ಕೆಲಸಕ್ಕೆ ಇರುವ ಬಾಗಿಲಿನ ಸಂಖ್ಯೆ.) ಹಾಗಾಗಿ ಹಲವು ಡಿಎಚ್‌ಸಿಪಿ ಸರ್ವರ್‌ಗಳು ಬೂಟ್‌ಪಿ ಪ್ರಿಂಟರ್‌ಗೂ ಉತ್ತರ ಕೊಡಬಲ್ಲವು.

ಪ್ರಿಂಟರ್ ಒಳಗೇ ಕೈಯಾರೆ ಹಾಕಿದರೆ ಏನಾಗುತ್ತದೆ?

ಕೆಲಸ ನಡೆಯುತ್ತದೆ. ಆದರೂ ನಾನು ಬೇಡ ಅನ್ನುತ್ತೇನೆ. ಸರ್ವಿಸ್‌ಗೆ ಬಂದವರು ರಿಪೇರಿ ಮಾಡುವಾಗ ಫ್ಯಾಕ್ಟರಿ ರೀಸೆಟ್ ಕೊಟ್ಟರೆ ವಿಳಾಸ ಅಳಿಸಿಹೋಗುತ್ತದೆ. ರೂಟರ್ ಬದಲಾಗಿ 192.168.1 ಇದ್ದದ್ದು 192.168.0 ಆದರೆ ಪ್ರತಿ ಪ್ರಿಂಟರ್ ಮುಂದೆ ನಿಂತು ಆ ಸಣ್ಣ ಪರದೆಯಲ್ಲಿ ಬಾಣದ ಗುಂಡಿ ಒತ್ತುತ್ತಾ ಕೂರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೈಯಾರೆ ಹಾಕಿದ ವಿಳಾಸ ಡಿಎಚ್‌ಸಿಪಿ ಸರ್ವರ್‌ಗೆ ಗೊತ್ತೇ ಇರುವುದಿಲ್ಲ. ಅದು ಅದೇ ವಿಳಾಸವನ್ನು ಯಾವುದೋ ಲ್ಯಾಪ್‌ಟಾಪ್‌ಗೆ ಕೊಟ್ಟುಬಿಡಬಹುದು. ಆಗ ಎರಡೂ ಒಂದೇ ವಿಳಾಸಕ್ಕೆ ಕಿತ್ತಾಡುತ್ತವೆ. ಪ್ರಿಂಟ್ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ಇಂಥ ಅರೆಬರೆ ತೊಂದರೆ ಹುಡುಕುವುದು ತುಂಬಾ ಕಷ್ಟ.

ಏನೇನು ಬೇಕು?

ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಬೇಕು. ವೈಫೈ ಪಾಸ್‌ವರ್ಡ್ ಅಲ್ಲ, ರೂಟರ್ ಒಳಗೆ ಹೋಗುವ ಪಾಸ್‌ವರ್ಡ್. ಕೇಬಲ್ ಅಥವಾ ವೈಫೈ ಮೂಲಕ ನೆಟ್‌ವರ್ಕ್‌ಗೆ ಸೇರುವ ಪ್ರಿಂಟರ್ ಬೇಕು. ಒಂದು ಕಂಪ್ಯೂಟರ್, ಒಂದು ಹಾಳೆ, ಪೆನ್ನು. ಆಫೀಸಿನಲ್ಲಿ ಯಾರೂ ಪ್ರಿಂಟ್ ಕೊಡದ ಸಮಯವೂ ಬೇಕು.

ನಿಮ್ಮ ಪ್ರಿಂಟರ್‌ಗೆ ನೆಟ್‌ವರ್ಕ್ ಸೌಲಭ್ಯ ಇದೆಯೇ ಅಂತ ಮೊದಲೇ ನೋಡಿ. ನಮ್ಮ ಕಡೆ ಆಫೀಸುಗಳಲ್ಲಿ ಹೆಚ್ಚಾಗಿ ಕಾಣುವ ಕ್ಯಾನನ್ ಎಲ್‌ಬಿಪಿ 2900, ಎಚ್‌ಪಿ ಲೇಸರ್‌ಜೆಟ್ 1020 ಇವೆಲ್ಲ ಬರೀ ಯುಎಸ್‌ಬಿ ಪ್ರಿಂಟರ್‌ಗಳು. ಅವಕ್ಕೆ ಸ್ವಂತ ಐಪಿ ವಿಳಾಸ ಇರುವುದಿಲ್ಲ. ಅವನ್ನು ಜೋಡಿಸಿದ ಕಂಪ್ಯೂಟರ್‌ನಿಂದ ಶೇರ್ ಮಾಡಬೇಕು. ಹಾಗಿದ್ದರೆ ಪ್ರಿಂಟರ್ ಬದಲು ಆ ಕಂಪ್ಯೂಟರ್‌ಗೇ ರಿಸರ್ವೇಶನ್ ಮಾಡಿ. ಕೆಳಗಿನ ಹಂತಗಳು ಅದಕ್ಕೂ ಹೊಂದುತ್ತವೆ.

ಹಂತ 1: ವಿಳಾಸ ಹಂಚುವವರು ಯಾರು ಅಂತ ಪತ್ತೆ ಮಾಡಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಅರ್ಧಕ್ಕರ್ಧ ಗೊಂದಲ ಇಲ್ಲೇ ಇರುತ್ತದೆ.

ವಿಂಡೋಸ್ ಕಂಪ್ಯೂಟರ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು 'ಐಪಿಕಾನ್ಫಿಗ್ /ಆಲ್' ಕಮಾಂಡ್ ಕೊಡಿ. (ಈ ಲೇಖನದಲ್ಲಿ ಕಮಾಂಡುಗಳನ್ನು, ಸೆಟ್ಟಿಂಗ್ ಸಾಲುಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ.) ಬರುವ ಉದ್ದದ ಪಟ್ಟಿಯಲ್ಲಿ 'ಡಿಎಚ್‌ಸಿಪಿ ಸರ್ವರ್' ಎಂಬ ಸಾಲು ಹುಡುಕಿ. ಅದರ ಮುಂದಿರುವ ವಿಳಾಸವೇ ಹಂಚುವವರದ್ದು. 'ಡೀಫಾಲ್ಟ್ ಗೇಟ್‌ವೇ' ಎಂಬ ಸಾಲನ್ನೂ ಬರೆದುಕೊಳ್ಳಿ. ಗೇಟ್‌ವೇ ಅಂದರೆ ಇಂಟರ್‌ನೆಟ್ ಕಡೆಗೆ ಹೋಗುವ ಬಾಗಿಲು. ಸಣ್ಣ ಆಫೀಸಿನಲ್ಲಿ ಎರಡೂ ಒಂದೇ ಆಗಿರುತ್ತವೆ.

ಈಗ ಇದನ್ನೇ ಇನ್ನೊಂದೆರಡು ಕಂಪ್ಯೂಟರ್‌ಗಳಲ್ಲೂ ನೋಡಿ. ಎಲ್ಲ ಕಡೆ ಒಂದೇ ಡಿಎಚ್‌ಸಿಪಿ ಸರ್ವರ್ ಬರಬೇಕು. ಬರದಿದ್ದರೆ ನಿಮ್ಮಲ್ಲಿ ಇಬ್ಬರು ಹಂಚುತ್ತಿದ್ದಾರೆ. ಇದು ಹೇಗಾಗುತ್ತದೆ ಅಂದರೆ, ಇಂಟರ್‌ನೆಟ್ ಕಂಪನಿಯವರು ಫೈಬರ್ ಡಬ್ಬಿ ಒಂದನ್ನು ಕೊಟ್ಟಿರುತ್ತಾರೆ. ಅದೇ ಒಂದು ರೂಟರ್. ಸಿಗ್ನಲ್ ಸಾಲಲಿಲ್ಲ ಅಂತ ನೀವು ಅಂಗಡಿಯಿಂದ ಇನ್ನೊಂದು ರೂಟರ್ ತಂದು ಜೋಡಿಸಿರುತ್ತೀರಿ. ಅದೂ ತನ್ನದೇ ವಿಳಾಸ ಹಂಚಲು ಶುರುಮಾಡುತ್ತದೆ.

ಇಲ್ಲಿ ಒಂದನ್ನು ಸುಮ್ಮನಾಗಿಸಲೇಬೇಕು. ಎರಡನೇ ರೂಟರ್ ಬರೀ ವೈಫೈಗೆ ಅಂತ ಇದ್ದರೆ, ಅದರ ಮೆನುವಿನಲ್ಲಿ 'ಆಕ್ಸೆಸ್ ಪಾಯಿಂಟ್ ಮೋಡ್' ಆರಿಸಿ. ಆಗ ಅದು ವಿಳಾಸ ಹಂಚುವುದನ್ನು ನಿಲ್ಲಿಸುತ್ತದೆ. ಆ ಮೋಡ್ ಇಲ್ಲದ ರೂಟರ್ ಆದರೆ ಮೊದಲು ಅದಕ್ಕೆ ಮುಖ್ಯ ರೂಟರ್‌ನ ಸಾಲಿನಲ್ಲೇ ಖಾಲಿ ಇರುವ ಒಂದು ವಿಳಾಸ ಕೊಡಿ. ಆಮೇಲೆ ಅದರ ಡಿಎಚ್‌ಸಿಪಿ ಆಫ್ ಮಾಡಿ. ಕೊನೆಗೆ ಮುಖ್ಯ ರೂಟರ್‌ನಿಂದ ಬರುವ ಕೇಬಲನ್ನು 'ವ್ಯಾನ್' ತೂತಿನಿಂದ ಕಿತ್ತು 'ಲ್ಯಾನ್' ತೂತಿಗೆ ಹಾಕಿ.

ಹಂಚುವ ಕೆಲಸ ಯಾವ ಡಬ್ಬಿಗೆ ಬಿಡಬೇಕು ಅಂತ ಕೇಳಿದರೆ, ನಿಮ್ಮ ಸ್ವಂತ ರೂಟರ್‌ಗೆ ಅನ್ನುತ್ತೇನೆ. ಇಂಟರ್‌ನೆಟ್ ಕಂಪನಿಯ ಡಬ್ಬಿ ಕೆಟ್ಟರೆ ಅವರು ಬೇರೆ ಡಬ್ಬಿ ತಂದಿಟ್ಟು ಹೋಗುತ್ತಾರೆ. ನೀವು ಬರೆದ ರಿಸರ್ವೇಶನ್ ಎಲ್ಲ ಹಳೆಯ ಡಬ್ಬಿಯ ಜೊತೆ ಹೋಗುತ್ತದೆ. ಹೀಗೆ ಮಾಡುವಾಗ ಒಂದು ಎಚ್ಚರಿಕೆ: ಸ್ವಂತ ರೂಟರ್ ಫೈಬರ್ ಡಬ್ಬಿಯ ಹಿಂದೆ ರೂಟರ್ ಆಗಿಯೇ ಇದ್ದರೆ, ಕಂಪ್ಯೂಟರ್, ಪ್ರಿಂಟರ್ ಎಲ್ಲವೂ ಸ್ವಂತ ರೂಟರ್‌ಗೇ ಸೇರಬೇಕು. ಒಂದು ಇಲ್ಲಿ, ಒಂದು ಅಲ್ಲಿ ಆಗಬಾರದು.

ಹಂತ 2: ಯಾರಿಗೆ ಯಾವ ಸಂಖ್ಯೆ ಅಂತ ಹಾಳೆಯಲ್ಲಿ ಬರೆಯಿರಿ

ನಿಮ್ಮ ನೆಟ್‌ವರ್ಕ್ 192.168.10 ಸಾಲಿನದು ಅಂದುಕೊಳ್ಳಿ. ಕೊನೆಯ ಸಂಖ್ಯೆ 1ರಿಂದ 254ರವರೆಗೆ ಸಿಗುತ್ತದೆ. ನಾನು ಸಾಮಾನ್ಯವಾಗಿ ಹೀಗೆ ಹಂಚುತ್ತೇನೆ: 1 ರೂಟರ್‌ಗೆ. 2ರಿಂದ 19 ಸರ್ವರ್, ಸ್ವಿಚ್, ಆಕ್ಸೆಸ್ ಪಾಯಿಂಟ್‌ಗಳಿಗೆ. 20ರಿಂದ 49 ಪ್ರಿಂಟರ್‌ಗಳಿಗೆ. 100ರಿಂದ 199 ಬಂದುಹೋಗುವ ಲ್ಯಾಪ್‌ಟಾಪ್, ಮೊಬೈಲ್‌ಗಳಿಗೆ. ಉಳಿದದ್ದು ಮುಂದಕ್ಕೆ ಇರಲಿ. ಇದೇ ಸರಿ ಅಂತೇನಿಲ್ಲ. ಪ್ರಿಂಟರ್‌ಗಳದ್ದೆಲ್ಲ ಒಂದು ಕಡೆ ಇದ್ದರೆ ಸಾಕು. ಆರು ತಿಂಗಳಾದ ಮೇಲೆ 192.168.10.23 ನೋಡಿದ ಕೂಡಲೇ ಇದು ಪ್ರಿಂಟರ್ ಅಂತ ಹೊಳೆಯಬೇಕು.

100ರಿಂದ 199ರವರೆಗಿನ ಈ ಗುಂಪಿಗೆ ಪೂಲ್ ಅನ್ನುತ್ತಾರೆ. ರಿಸರ್ವೇಶನ್ ಮಾಡುವ ಸಂಖ್ಯೆ ಪೂಲ್ ಒಳಗಿರಬೇಕೋ ಹೊರಗಿರಬೇಕೋ ಎಂಬುದು ಸರ್ವರ್ ಮೇಲೆ ನಿಂತಿದೆ. ಕೆಲವು ರೂಟರ್‌ಗಳು ಹೊರಗಿನದ್ದನ್ನು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಒಪ್ಪದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಪೂಲನ್ನು 20ರಿಂದಲೇ ಶುರುಮಾಡಿ. ರಿಸರ್ವ್ ಮಾಡಿದ ಸಂಖ್ಯೆಯನ್ನು ಸರ್ವರ್ ಬೇರೆಯವರಿಗೆ ಕೊಡುವುದಿಲ್ಲ.

ಹಂತ 3: ಪ್ರಿಂಟರ್‌ನಿಂದ ಮ್ಯಾಕ್ ವಿಳಾಸ ತೆಗೆದುಕೊಳ್ಳಿ

ಪ್ರಿಂಟರ್ ಮೆನುವಿನಲ್ಲಿ 'ರಿಪೋರ್ಟ್ಸ್' ಎಂಬಲ್ಲಿ ಕಾನ್ಫಿಗರೇಶನ್ ಪುಟ ಅಥವಾ ನೆಟ್‌ವರ್ಕ್ ಪುಟ ಮುದ್ರಿಸುವ ಆಯ್ಕೆ ಇರುತ್ತದೆ. ಪರದೆ ಇಲ್ಲದ ಪ್ರಿಂಟರ್‌ಗಳಲ್ಲಿ ಯಾವುದಾದರೂ ಒಂದು ಗುಂಡಿಯನ್ನು ಕೆಲವು ಸೆಕೆಂಡು ಒತ್ತಿಹಿಡಿದರೆ ಪುಟ ಬರುತ್ತದೆ. ಯಾವ ಗುಂಡಿ ಅಂತ ಮ್ಯಾನ್ಯುಯಲ್ ನೋಡಿ. ಆ ಪುಟದಲ್ಲಿ 'ಹಾರ್ಡ್‌ವೇರ್ ಅಡ್ರೆಸ್', 'ಮ್ಯಾಕ್ ಅಡ್ರೆಸ್', 'ನೋಡ್ ಅಡ್ರೆಸ್' ಹೀಗೆ ಯಾವುದೋ ಒಂದು ಹೆಸರಲ್ಲಿ 12 ಅಕ್ಷರ ಇರುತ್ತದೆ.

ಇಲ್ಲಿ ಎಡವುವುದು ಎರಡು ಕಡೆ. ಮೊದಲನೆಯದು, ಒಂದೇ ಪ್ರಿಂಟರ್‌ಗೆ ಕೇಬಲ್‌ಗೆ ಒಂದು ಮ್ಯಾಕ್, ವೈಫೈಗೆ ಇನ್ನೊಂದು ಮ್ಯಾಕ್ ಇರುತ್ತದೆ. ಪುಟದಲ್ಲಿ ಎರಡೂ ಅಚ್ಚಾಗಿರುತ್ತವೆ. ನೀವು ಯಾವುದನ್ನು ಬಳಸುತ್ತೀರೋ ಅದನ್ನೇ ಬರೆದುಕೊಳ್ಳಿ. ನನ್ನನ್ನು ಕೇಳಿದರೆ ಆಫೀಸ್ ಪ್ರಿಂಟರ್‌ಗೆ ಕೇಬಲ್ಲೇ ಒಳ್ಳೆಯದು. ಒಂದೇ ಕಡೆ ಕೂತಿರುವ ಯಂತ್ರಕ್ಕೆ ವೈಫೈ ಯಾಕೆ ಬೇಕು, ಅಲ್ವಾ? ಎರಡನೆಯದು, ಓದುವಾಗಿನ ತಪ್ಪು. ಮ್ಯಾಕ್‌ನಲ್ಲಿ 0ಯಿಂದ 9ರ ಅಂಕಿ ಮತ್ತು ಇಂಗ್ಲಿಷಿನ ಎ ಇಂದ ಎಫ್ ವರೆಗಿನ ಅಕ್ಷರ ಮಾತ್ರ ಬರುತ್ತವೆ. 'ಓ' ಅಕ್ಷರ ಇಲ್ಲವೇ ಇಲ್ಲ. ಹಾಗೆ ಕಂಡದ್ದೆಲ್ಲ ಸೊನ್ನೆ. 8 ಮತ್ತು 'ಬಿ' ಮಾತ್ರ ಎರಡೂ ಬರುತ್ತವೆ, ಅವನ್ನು ಕಣ್ಣು ಕೀಲಿಸಿ ನೋಡಿ.

ವೈಫೈ ರಿಪೀಟರ್, ಅಂದರೆ ಸಿಗ್ನಲ್ ಹಿಗ್ಗಿಸುವ ಡಬ್ಬಿ, ಅದರ ಮೂಲಕ ಪ್ರಿಂಟರ್ ಸೇರಿದ್ದರೆ ಇನ್ನೊಂದು ತೊಡಕಿದೆ. ಕೆಲವು ರಿಪೀಟರ್‌ಗಳು ಪ್ರಿಂಟರ್‌ನ ಮ್ಯಾಕ್ ಬದಲು ತಮ್ಮದೇ ಒಂದನ್ನು ರೂಟರ್‌ಗೆ ತೋರಿಸುತ್ತವೆ. ಪುಟದಲ್ಲಿರುವ ಮ್ಯಾಕ್ ಹಾಕಿದರೂ ರಿಸರ್ವೇಶನ್ ಹಿಡಿಯುವುದಿಲ್ಲ. ಆಗ ರೂಟರ್‌ನ ಪಟ್ಟಿಯಲ್ಲಿ ಯಾವ ಮ್ಯಾಕ್ ಕಾಣುತ್ತಿದೆ ಅಂತ ನೋಡಿ ಅದನ್ನು ಹಾಕಬೇಕು.

ಹಂತ 4: ಪ್ರಿಂಟರನ್ನು ಡಿಎಚ್‌ಸಿಪಿಗೆ ತನ್ನಿ

ಅದೇ ಪುಟದಲ್ಲಿ ವಿಳಾಸ ಹೇಗೆ ಬಂತು ಎಂಬ ಸಾಲೂ ಇರುತ್ತದೆ. ಬ್ರದರ್ ಪ್ರಿಂಟರ್‌ನಲ್ಲಿ 'ಬೂಟ್ ಮೆಥಡ್' ಅಂತ ಇರುತ್ತದೆ. ಆಟೋ, ಸ್ಟ್ಯಾಟಿಕ್, ಆರ್‌ಎಆರ್‌ಪಿ, ಬೂಟ್‌ಪಿ, ಡಿಎಚ್‌ಸಿಪಿ ಎಂಬ ಆಯ್ಕೆಗಳು. ಎಚ್‌ಪಿಯಲ್ಲಿ ಮ್ಯಾನ್ಯುಯಲ್, ಬೂಟ್‌ಪಿ, ಡಿಎಚ್‌ಸಿಪಿ, ಆಟೋ ಐಪಿ ಅಂತ ಇರುತ್ತದೆ. ಸ್ಟ್ಯಾಟಿಕ್ ಅಥವಾ ಮ್ಯಾನ್ಯುಯಲ್ ಅಂದರೆ ಯಾರೋ ಹಿಂದೆ ಕೈಯಾರೆ ಹಾಕಿದ್ದಾರೆ ಅಂತ. ಅದನ್ನು ಡಿಎಚ್‌ಸಿಪಿಗೆ ಬದಲಾಯಿಸಿ. 'ಆಟೋ'ದಲ್ಲಿಯೂ ಕೆಲಸ ನಡೆಯುತ್ತದೆ. ಆದರೆ ಸ್ಪಷ್ಟವಾಗಿ ಡಿಎಚ್‌ಸಿಪಿ ಅಂತ ಇದ್ದರೆ ಮುಂದೆ ಹುಡುಕಾಟ ಕಡಿಮೆ.

ಹಂತ 5: ರಿಸರ್ವೇಶನ್ ಬರೆಯಿರಿ

ನಿಮ್ಮಲ್ಲಿರುವುದನ್ನು ನೋಡಿಕೊಂಡು ಕೆಳಗಿನ ಮೂರರಲ್ಲಿ ಒಂದನ್ನು ಮಾಡಿ. ಹತ್ತಿಪ್ಪತ್ತು ಜನರ ಆಫೀಸಿಗೆ ಮೊದಲನೆಯದೇ ಸಾಕು. ಅದಕ್ಕೆಂದೇ ಸರ್ವರ್ ಕೊಳ್ಳಬೇಡಿ.

ರೂಟರ್‌ನಲ್ಲಿ: ಬ್ರೌಸರ್‌ನಲ್ಲಿ ರೂಟರ್ ವಿಳಾಸ ಕೊಟ್ಟು ಒಳಗೆ ಹೋಗಿ. ಟಿಪಿ-ಲಿಂಕ್‌ನಲ್ಲಿ ಡಿಎಚ್‌ಸಿಪಿ ಸರ್ವರ್ ಪುಟದಲ್ಲಿ 'ಅಡ್ರೆಸ್ ರಿಸರ್ವೇಶನ್' ಅಂತಿದೆ. ಡಿ-ಲಿಂಕ್‌ನಲ್ಲಿ 'ಡಿಎಚ್‌ಸಿಪಿ ರಿಸರ್ವೇಶನ್'. ಮೈಕ್ರೋಟಿಕ್‌ನಲ್ಲಿ ಲೀಸ್ ಪಟ್ಟಿಯಲ್ಲಿ ಪ್ರಿಂಟರನ್ನು ಹುಡುಕಿ 'ಮೇಕ್ ಸ್ಟ್ಯಾಟಿಕ್' ಒತ್ತಿ, ಆಮೇಲೆ ವಿಳಾಸ ತಿದ್ದಬೇಕು. ಮ್ಯಾಕ್ ಹಾಕಿ, ಐಪಿ ಹಾಕಿ, ಸೇವ್ ಮಾಡಿ. ಕೆಲವು ರೂಟರ್‌ಗಳಲ್ಲಿ ಸೇವ್ ಆದ ಮೇಲೆ 'ಎನೇಬಲ್' ಎಂಬ ಗುರುತು ಬೇರೆಯಾಗಿ ಹಾಕಬೇಕು. ಅದನ್ನು ಮರೆತು "ಎಲ್ಲಾ ಮಾಡಿದೆ, ಆಗ್ತಿಲ್ಲ" ಅನ್ನುವವರು ಬಹಳ. ಮುಗಿದ ಮೇಲೆ ರೂಟರ್‌ನ 'ಬ್ಯಾಕಪ್' ಆಯ್ಕೆಯಿಂದ ಸೆಟ್ಟಿಂಗ್ ಫೈಲ್ ಇಳಿಸಿ ಇಟ್ಟುಕೊಳ್ಳಿ.

ವಿಂಡೋಸ್ ಸರ್ವರ್‌ನಲ್ಲಿ: ಡಿಎಚ್‌ಸಿಪಿ ಕನ್ಸೋಲ್ ತೆಗೆದು ನಿಮ್ಮ ಸ್ಕೋಪ್ ಒಳಗೆ ಹೋಗಿ. ಸ್ಕೋಪ್ ಅಂದರೆ ಹಂಚಲು ಕೊಟ್ಟ ವಿಳಾಸಗಳ ಸಾಲು. ಇಲ್ಲಿ ರಿಸರ್ವೇಶನ್ ಸ್ಕೋಪ್ ಒಳಗೇ ಇರಬೇಕು. ಹಾಗಾಗಿ ಸ್ಕೋಪನ್ನು 20ರಿಂದ 199ರವರೆಗೆ ಇಟ್ಟು, 20ರಿಂದ 99ನ್ನು 'ಎಕ್ಸ್‌ಕ್ಲೂಶನ್' ಮಾಡಿ, ಅಂದರೆ ಸಾಮಾನ್ಯ ಹಂಚಿಕೆಯಿಂದ ಹೊರಗಿಡಿ. ರಿಸರ್ವ್ ಮಾಡಿದ್ದು ಆದರೂ ಸಿಗುತ್ತದೆ. ಹೊಸ ರಿಸರ್ವೇಶನ್ ಬರೆಯುವ ಪೆಟ್ಟಿಗೆಯ ಕೆಳಗೆ 'ಬೋತ್, ಡಿಎಚ್‌ಸಿಪಿ, ಬೂಟ್‌ಪಿ' ಎಂಬ ಮೂರು ಆಯ್ಕೆ ಇರುತ್ತವೆ. 'ಬೋತ್' ಬಿಡಿ. ಹಳೆಯ ಪ್ರಿಂಟರ್ ಬೂಟ್‌ಪಿಯಲ್ಲಿ ಕೇಳಿದರೂ ಉತ್ತರ ಸಿಗುತ್ತದೆ.

ಲಿನಕ್ಸ್‌ನಲ್ಲಿ: ಮೂಲೆಯಲ್ಲಿ ಬಿದ್ದಿರುವ ಹಳೆಯ ಕಂಪ್ಯೂಟರ್ ಅಥವಾ ಒಂದು ರಾಸ್ಪ್‌ಬೆರಿ ಪೈ ಸಾಕು. 'ಡಿಎನ್‌ಎಸ್‌ಮಾಸ್ಕ್' ಎಂಬ ಸಣ್ಣ ತಂತ್ರಾಂಶ ಬಳಸಿ (ಇಂಗ್ಲಿಷಿನಲ್ಲಿ ಇದರ ಕೊನೆಯ ಅಕ್ಷರ 'ಕೆ' ಅಲ್ಲ, 'ಕ್ಯೂ'). ಹಳೆಯ ಮಾರ್ಗದರ್ಶಿಗಳಲ್ಲಿ ಐಎಸ್‌ಸಿ ಡಿಎಚ್‌ಸಿಪಿ ಹಾಕಿ ಅಂತ ಬರೆದಿರುತ್ತದೆ. ಅದರ ನಿರ್ವಹಣೆಯನ್ನು ತಯಾರಿಸಿದವರೇ 2022ರಲ್ಲಿ ನಿಲ್ಲಿಸಿದರು. ಈಗ ಹೊಸದಾಗಿ ಹಾಕುವುದರಲ್ಲಿ ಅರ್ಥ ಇಲ್ಲ. ಅವರದೇ ಹೊಸದು 'ಕಿಯಾ'. ದೊಡ್ಡ ನೆಟ್‌ವರ್ಕ್‌ಗೆ ಅದು ಸರಿ, ನಾಲ್ಕು ಪ್ರಿಂಟರ್‌ಗೆ ಅತಿಯಾಯಿತು.

ಡಿಎನ್‌ಎಸ್‌ಮಾಸ್ಕ್‌ನ ಸೆಟ್ಟಿಂಗ್ ಫೈಲ್‌ನಲ್ಲಿ ಬೇಕಾದದ್ದು ಇಷ್ಟೇ ಸಾಲು:

ಪೋರ್ಟ್=0
ಡಿಎಚ್‌ಸಿಪಿ-ಅಥಾರಿಟೇಟಿವ್
ಡಿಎಚ್‌ಸಿಪಿ-ರೇಂಜ್=192.168.10.100,192.168.10.199,255.255.255.0,12ಎಚ್
ಡಿಎಚ್‌ಸಿಪಿ-ಆಪ್ಶನ್=3,192.168.10.1
ಡಿಎಚ್‌ಸಿಪಿ-ಆಪ್ಶನ್=6,192.168.10.1
ಡಿಎಚ್‌ಸಿಪಿ-ಹೋಸ್ಟ್=00:11:22:33:44:55,192.168.10.21,ಬಿಲ್ಲಿಂಗ್

ಮೊದಲ ಸಾಲು ಇದರ ಡಿಎನ್‌ಎಸ್ ಕೆಲಸವನ್ನು ನಿಲ್ಲಿಸುತ್ತದೆ. ಡಿಎನ್‌ಎಸ್ ಅಂದರೆ ಹೆಸರಿನಿಂದ ವಿಳಾಸ ಹುಡುಕಿಕೊಡುವ ವ್ಯವಸ್ಥೆ. ನಮಗಿಲ್ಲಿ ಅದು ಬೇಡ. ಉಬುಂಟುವಿನಲ್ಲಿ 53ನೇ ಪೋರ್ಟನ್ನು ಬೇರೆ ತಂತ್ರಾಂಶ ಮೊದಲೇ ಹಿಡಿದಿರುತ್ತದೆ, ಹಾಗಾಗಿ ಈ ಸಾಲಿಲ್ಲದೆ ಡಿಎನ್‌ಎಸ್‌ಮಾಸ್ಕ್ ಶುರುವೇ ಆಗದಿರಬಹುದು. ಎರಡನೆಯದು "ಇಲ್ಲಿ ಹಂಚುವುದು ನಾನೊಬ್ಬನೇ" ಎಂಬ ಘೋಷಣೆ. ಮೂರನೆಯದು ಪೂಲ್ ಮತ್ತು 12 ಗಂಟೆಯ ಲೀಸ್. ಆಪ್ಶನ್ 3 ಗೇಟ್‌ವೇ, ಆಪ್ಶನ್ 6 ಡಿಎನ್‌ಎಸ್. ಕೊನೆಯದು ಪ್ರಿಂಟರ್‌ನ ರಿಸರ್ವೇಶನ್. ಪ್ರತಿ ಪ್ರಿಂಟರ್‌ಗೂ ಇಂಥದೊಂದು ಸಾಲು. ಇದರಲ್ಲಿ ರಿಸರ್ವ್ ಮಾಡಿದ ವಿಳಾಸ ಪೂಲ್ ಹೊರಗಿದ್ದರೂ ನಡೆಯುತ್ತದೆ, ಅದೇ ನೆಟ್‌ವರ್ಕ್ ಸಾಲಿನದಾಗಿದ್ದರೆ ಸಾಕು. ಪ್ರಿಂಟರ್‌ನ ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ನಡುವೆ ಸಣ್ಣ ಗೆರೆ ಇಷ್ಟೇ ಇರಲಿ. ಖಾಲಿ ಜಾಗ ಬಿಡಬೇಡಿ.

ಸೇವ್ ಮಾಡಿ 'ಡಿಎನ್‌ಎಸ್‌ಮಾಸ್ಕ್ --ಟೆಸ್ಟ್' ಕೊಡಿ. ಬರವಣಿಗೆಯಲ್ಲಿ ತಪ್ಪಿದ್ದರೆ ಅಲ್ಲೇ ಹೇಳುತ್ತದೆ. ಸರಿ ಇದ್ದರೆ ರೂಟರ್‌ನ ಡಿಎಚ್‌ಸಿಪಿ ಆಫ್ ಮಾಡಿ, ಡಿಎನ್‌ಎಸ್‌ಮಾಸ್ಕನ್ನು ಮರುಶುರು ಮಾಡಿ. ಈ ಎರಡು ಕೆಲಸದ ನಡುವೆ ಅಂತರ ಬೇಡ. ಇನ್ನೆರಡು ವಿಷಯ: ಈ ಲಿನಕ್ಸ್ ಯಂತ್ರದ ಸ್ವಂತ ವಿಳಾಸ ಮಾತ್ರ ಕೈಯಾರೆ ಹಾಕಿದ್ದೇ ಆಗಿರಬೇಕು, ಯಾಕಂದರೆ ಅದು ತನಗೆ ತಾನೇ ವಿಳಾಸ ಕೇಳಿಕೊಳ್ಳಲಾರದು. ಫೈರ್‌ವಾಲ್ ಹಾಕಿದ್ದರೆ ಯುಡಿಪಿ 67 ತೆರೆದಿರಲಿ.

ಹಂತ 6: ಪ್ರಿಂಟರ್ ಹೊಸ ವಿಳಾಸ ಪಡೆಯುವಂತೆ ಮಾಡಿ

ರಿಸರ್ವೇಶನ್ ಬರೆದ ಕೂಡಲೇ ಏನೂ ಬದಲಾಗುವುದಿಲ್ಲ. ಪ್ರಿಂಟರ್ ಹತ್ತಿರ ಹಳೆಯ ಲೀಸ್ ಇನ್ನೂ ಇದೆ. ಅದು ಸಾಮಾನ್ಯವಾಗಿ ಅರ್ಧ ಅವಧಿ ಕಳೆದ ಮೇಲಷ್ಟೇ ಸರ್ವರನ್ನು ಮತ್ತೆ ಕೇಳುವುದು. ವಿಂಡೋಸ್ ಸರ್ವರ್‌ನಲ್ಲಿ ಲೀಸ್ ಮಾಮೂಲಿಯಾಗಿ 8 ದಿನ. ಅಷ್ಟು ಕಾಯುವ ಬದಲು ಪ್ರಿಂಟರ್ ಆಫ್ ಮಾಡಿ, ಸರ್ವರ್‌ನ ಲೀಸ್ ಪಟ್ಟಿಯಲ್ಲಿ ಪ್ರಿಂಟರ್‌ನ ಹಳೆಯ ಸಾಲು ಇದ್ದರೆ ಅಳಿಸಿ, ಮತ್ತೆ ಆನ್ ಮಾಡಿ. ನೀವು ಆರಿಸಿದ ಸಂಖ್ಯೆ ಆಗಲೇ ಯಾರದೋ ಫೋನಿನ ಹತ್ತಿರ ಇದೆಯೇ ಅಂತಲೂ ಅದೇ ಪಟ್ಟಿಯಲ್ಲಿ ನೋಡಿ.

ಕಾನ್ಫಿಗರೇಶನ್ ಪುಟ ಮತ್ತೊಮ್ಮೆ ಮುದ್ರಿಸಿ. ಹೊಸ ವಿಳಾಸ ಬಂದಿದ್ದರೆ ಕಂಪ್ಯೂಟರ್‌ನಿಂದ 'ಪಿಂಗ್ 192.168.10.21' ಕೊಟ್ಟು ಉತ್ತರ ಬರುತ್ತದೆಯೇ ನೋಡಿ. ಆಮೇಲೆ ಬ್ರೌಸರ್‌ನಲ್ಲಿ ಅದೇ ಸಂಖ್ಯೆ ಟೈಪ್ ಮಾಡಿ. ಹೆಚ್ಚಿನ ನೆಟ್‌ವರ್ಕ್ ಪ್ರಿಂಟರ್‌ಗಳು ತಮ್ಮದೇ ಒಂದು ಪುಟ ತೋರಿಸುತ್ತವೆ. ತೆರೆದುಕೊಂಡಾಗಲೇ ಅದರ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿಬಿಡಿ.

ಹಂತ 7: ಕಂಪ್ಯೂಟರ್‌ಗಳನ್ನು ಆ ವಿಳಾಸಕ್ಕೆ ಕಟ್ಟಿ

ಇಷ್ಟೆಲ್ಲ ಮಾಡಿ ಇದನ್ನು ಬಿಟ್ಟರೆ ಪಟ್ಟ ಶ್ರಮ ದಂಡ. ಪ್ರಿಂಟರ್ ವಿಳಾಸ ಗಟ್ಟಿಯಾಯಿತು, ಸರಿ. ಕಂಪ್ಯೂಟರ್ ಅದನ್ನು ಬಳಸಬೇಕಲ್ಲ?

ವಿಂಡೋಸ್‌ನಲ್ಲಿ ಡ್ರೈವರ್ ತೆಗೆಯುವ ಅಗತ್ಯ ಇಲ್ಲ. 'ಪ್ರಿಂಟರ್ ಪ್ರಾಪರ್ಟೀಸ್' ತೆಗೆದು 'ಪೋರ್ಟ್ಸ್' ಪುಟಕ್ಕೆ ಹೋಗಿ. ಅಲ್ಲಿ 'ಡಬ್ಲ್ಯೂಎಸ್‌ಡಿ' ಎಂದು ಶುರುವಾಗುವ ಪೋರ್ಟ್‌ಗೆ ಗುರುತು ಇದ್ದರೆ, ವಿಂಡೋಸ್ ತಾನೇ ಹುಡುಕಿ ಹಾಕಿಕೊಂಡದ್ದು ಅಂತ. ಅನುಕೂಲ ನಿಜ, ಆದರೆ ಆಫ್‌ಲೈನ್ ಕಾಟಕ್ಕೆ ಹಲವು ಸಲ ಅದೇ ಕಾರಣ. 'ಆಡ್ ಪೋರ್ಟ್' ಒತ್ತಿ, 'ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್' ಆರಿಸಿ, 192.168.10.21 ಕೊಡಿ. ಇದು ಸಾಮಾನ್ಯವಾಗಿ 9100 ಎಂಬ ಪೋರ್ಟ್ ಸಂಖ್ಯೆಯಲ್ಲಿ ಪ್ರಿಂಟರ್ ಜೊತೆ ಮಾತಾಡುತ್ತದೆ. ಆಗದಿದ್ದರೆ ಎಲ್‌ಪಿಆರ್ ಎಂಬ ಹಳೆಯ ವಿಧಾನ ಇದೆ, ಅದು 515ನೇ ಪೋರ್ಟ್.

ಹೀಗೆ ಮಾಡಿದ ಮೇಲೂ ಪಿಂಗ್‌ಗೆ ಉತ್ತರ ಬರುತ್ತಿದೆ, ವಿಂಡೋಸ್ ಮಾತ್ರ ಆಫ್‌ಲೈನ್ ಅಂತಿದೆಯೇ? ಅದೇ ಪುಟದಲ್ಲಿ 'ಕಾನ್ಫಿಗರ್ ಪೋರ್ಟ್' ಒತ್ತಿ 'ಎಸ್‌ಎನ್‌ಎಂಪಿ ಸ್ಟೇಟಸ್ ಎನೇಬಲ್ಡ್' ಎಂಬ ಗುರುತು ತೆಗೆಯಿರಿ. ಎಸ್‌ಎನ್‌ಎಂಪಿ ಅಂದರೆ ಪ್ರಿಂಟರ್‌ನ ಆರೋಗ್ಯ ವಿಚಾರಿಸುವ ಭಾಷೆ. ಕೆಲವು ಪ್ರಿಂಟರ್‌ಗಳು ಆ ಪ್ರಶ್ನೆಗೆ ಉತ್ತರಿಸುವುದಿಲ್ಲ. ಉತ್ತರ ಬರಲಿಲ್ಲ ಅಂದರೆ ಪ್ರಿಂಟರ್ ಸತ್ತಿದೆ ಅಂತ ವಿಂಡೋಸ್ ತಿಳಿದುಬಿಡುತ್ತದೆ.

169.254 ಅಂತ ಕಂಡರೆ

ಪ್ರಿಂಟರ್ ಪುಟದಲ್ಲಿ 169.254 ಎಂದು ಶುರುವಾಗುವ ವಿಳಾಸ ಇದ್ದರೆ, ಅದು ಕೇಳಿತು, ಯಾರೂ ಉತ್ತರ ಕೊಡಲಿಲ್ಲ, ತಾನೇ ಒಂದನ್ನು ಹಾಕಿಕೊಂಡಿತು ಅಂತ ತಿಳಿಯಿರಿ. ಹಳೆಯ ಎಚ್‌ಪಿ ಜೆಟ್‌ಡೈರೆಕ್ಟ್ ಕಾರ್ಡುಗಳಲ್ಲಿ ಇದೇ ಸ್ಥಿತಿಗೆ 192.0.0.192 ಅಂತ ಬರುತ್ತದೆ. ಎರಡೂ ಸಂದರ್ಭದಲ್ಲಿ ಮೊದಲು ಕೇಬಲ್, ಆಮೇಲೆ ಸರ್ವರ್ ನೋಡಿ.

ನಮ್ಮಲ್ಲಿ ಇದಕ್ಕೆ ದೊಡ್ಡ ಕಾರಣ ಕರೆಂಟು. ಹೋಗಿ ಬಂದಾಗ ಎಲ್ಲವೂ ಒಟ್ಟಿಗೆ ಶುರುವಾಗುತ್ತವೆ. ಪ್ರಿಂಟರ್ ಬೇಗ ಏಳುತ್ತದೆ. ರೂಟರ್, ಫೈಬರ್ ಡಬ್ಬಿ ನಿಧಾನ. ಪ್ರಿಂಟರ್ ಕೂಗುವಾಗ ಕೇಳಿಸಿಕೊಳ್ಳುವವರೇ ಇರುವುದಿಲ್ಲ. ಒಳ್ಳೆಯ ಪ್ರಿಂಟರ್‌ಗಳು ಸ್ವಲ್ಪ ಹೊತ್ತಿಗೆ ಮತ್ತೆ ಕೇಳುತ್ತವೆ. ಕೆಲವು ಕೇಳುವುದಿಲ್ಲ. ರೂಟರ್, ಸ್ವಿಚ್ ಎರಡನ್ನೂ ಯುಪಿಎಸ್‌ಗೆ ಹಾಕಿ. ಲೇಸರ್ ಪ್ರಿಂಟರನ್ನು ಮಾತ್ರ ಅದೇ ಯುಪಿಎಸ್‌ಗೆ ಹಾಕಬೇಡಿ. ಅದರೊಳಗೆ ಶಾಯಿಪುಡಿ ಕರಗಿಸುವ ಬಿಸಿ ರೋಲರ್ ಇದೆ, ಅದು ಒಮ್ಮೆಗೇ ಜಾಸ್ತಿ ಕರೆಂಟು ಎಳೆದು ಯುಪಿಎಸ್ಸನ್ನೇ ಮಲಗಿಸುತ್ತದೆ.

ದೊಡ್ಡ ಆಫೀಸುಗಳಲ್ಲಿ ಇನ್ನೆರಡು ಕಾರಣ ಸಿಗುತ್ತವೆ. ಮ್ಯಾನೇಜ್ಡ್ ಸ್ವಿಚ್, ಅಂದರೆ ಸೆಟ್ಟಿಂಗ್ ಬದಲಾಯಿಸಬಹುದಾದ ಸ್ವಿಚ್, ಕೇಬಲ್ ಸಿಕ್ಕಿಸಿದ ಮೇಲೆ ಸುಮಾರು 30 ಸೆಕೆಂಡು ಏನನ್ನೂ ದಾಟಲು ಬಿಡದಿರಬಹುದು. ನೆಟ್‌ವರ್ಕ್‌ನಲ್ಲಿ ಸುತ್ತು ಬಿದ್ದಿದೆಯೇ ಅಂತ ಅದು ಪರೀಕ್ಷಿಸುತ್ತಿರುತ್ತದೆ. ಅಷ್ಟರಲ್ಲಿ ಪ್ರಿಂಟರ್ ಕೇಳಿ ಸುಸ್ತಾಗಿರುತ್ತದೆ. ಪ್ರಿಂಟರ್ ಇರುವ ಪೋರ್ಟಿಗೆ ಮಾತ್ರ 'ಪೋರ್ಟ್‌ಫಾಸ್ಟ್' ಅಥವಾ 'ಎಡ್ಜ್ ಪೋರ್ಟ್' ಎಂಬುದನ್ನು ಆನ್ ಮಾಡಿಸಿ. ಇನ್ನೊಂದು, ಪ್ರಿಂಟರ್‌ಗಳನ್ನು ಬೇರೆ ವಿಲ್ಯಾನ್‌ನಲ್ಲಿ ಇಟ್ಟಿರುವುದು. ವಿಲ್ಯಾನ್ ಅಂದರೆ ಒಂದೇ ಸ್ವಿಚ್ಚಿನೊಳಗೆ ಗೋಡೆ ಕಟ್ಟಿ ಮಾಡಿದ ಬೇರೆ ನೆಟ್‌ವರ್ಕ್. ಪ್ರಿಂಟರ್‌ನ ಕೂಗು ಆ ಗೋಡೆ ದಾಟುವುದಿಲ್ಲ. ಅದನ್ನು ಸರ್ವರ್‌ಗೆ ತಲುಪಿಸಲು 'ಡಿಎಚ್‌ಸಿಪಿ ರಿಲೇ' ಹಾಕಬೇಕು. ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಈ ಎರಡು ಹೆಸರು ಹೇಳಿದರೆ ಅರ್ಥವಾಗುತ್ತದೆ.

ಬರೀ ಬೂಟ್‌ಪಿ ಗೊತ್ತಿರುವ ಹಳೆಯ ಪ್ರಿಂಟರ್ ಇದ್ದರೆ

ಬೂಟ್‌ಪಿಯಲ್ಲಿ ಕೇಳುವ ಪ್ರಿಂಟರ್‌ಗೆ ಮೇಲಿನ ವಿಂಡೋಸ್ ಮತ್ತು ಡಿಎನ್‌ಎಸ್‌ಮಾಸ್ಕ್ ವಿಧಾನ ಎರಡೂ ನಡೆಯುತ್ತವೆ. ಮನೆಬಳಕೆಯ ರೂಟರ್‌ಗಳನ್ನು ಮಾತ್ರ ನಂಬಬೇಡಿ. ಡಿಎನ್‌ಎಸ್‌ಮಾಸ್ಕ್‌ನಲ್ಲಿ ಡಿಎಚ್‌ಸಿಪಿ-ಹೋಸ್ಟ್ ಸಾಲು ಬರೆದಿದ್ದರೆ ಬೂಟ್‌ಪಿಗೂ ಅದೇ ಸಾಕು. 'ಬೂಟ್‌ಪಿ-ಡೈನಮಿಕ್' ಎಂಬ ಇನ್ನೊಂದು ಆಯ್ಕೆ ಕಾಣುತ್ತದೆ. ಅದನ್ನು ಸುಮ್ನೆ ಆನ್ ಮಾಡಬೇಡಿ. ಬೂಟ್‌ಪಿಗೆ ಲೀಸ್ ಇಲ್ಲದ ಕಾರಣ, ಹಾಗೆ ಪೂಲ್‌ನಿಂದ ಕೊಟ್ಟ ವಿಳಾಸ ತಾನಾಗಿ ವಾಪಸ್ ಬರುವುದೇ ಇಲ್ಲ. ಪ್ರಿಂಟರ್‌ನಲ್ಲಿ ಎರಡೂ ಆಯ್ಕೆ ಇದ್ದರೆ ಡಿಎಚ್‌ಸಿಪಿಯನ್ನೇ ಇಡಿ.

ಒಂದು ಎಚ್ಚರಿಕೆ: ಹೊರಗಿನಿಂದ ಬಾಗಿಲು ತೆರೆಯಬೇಡಿ

ವಿಳಾಸ ಗಟ್ಟಿಯಾದ ಮೇಲೆ ಕೆಲವರಿಗೆ ಮನೆಯಿಂದಲೂ ಪ್ರಿಂಟ್ ಕೊಡುವ ಆಸೆ ಬರುತ್ತದೆ. ರೂಟರ್‌ನಲ್ಲಿ 'ಪೋರ್ಟ್ ಫಾರ್ವರ್ಡಿಂಗ್' ಮಾಡಿ 9100 ಪೋರ್ಟನ್ನು ಇಂಟರ್‌ನೆಟ್‌ಗೆ ತೆರೆಯುತ್ತಾರೆ. ಖಂಡಿತ ಬೇಡ. ಆ ಪೋರ್ಟ್ ಪಾಸ್‌ವರ್ಡ್ ಕೇಳುವುದಿಲ್ಲ, ಬಂದದ್ದನ್ನೆಲ್ಲ ಮುದ್ರಿಸುತ್ತದೆ. 2018ರ ಕೊನೆಯಲ್ಲಿ ಒಬ್ಬಾತ ಹೀಗೆ ತೆರೆದಿಟ್ಟ ಪ್ರಿಂಟರ್‌ಗಳನ್ನು ಹುಡುಕಿ, ತನ್ನ ಮೆಚ್ಚಿನ ಯೂಟ್ಯೂಬ್ ಚಾನೆಲ್‌ನ ಜಾಹೀರಾತು ಮುದ್ರಿಸಿದ. ಸುಮಾರು 50,000 ಪ್ರಿಂಟರ್‌ಗಳಿಗೆ ಕಳಿಸಿದೆ ಅಂತ ಅವನೇ ಹೇಳಿಕೊಂಡಿದ್ದ. ಹೊರಗಿನಿಂದ ಬೇಕೇ ಬೇಕು ಅಂದರೆ ವಿಪಿಎನ್, ಅಂದರೆ ಆಫೀಸಿನ ನೆಟ್‌ವರ್ಕ್‌ಗೆ ಹೊರಗಿನಿಂದ ಸುರಕ್ಷಿತವಾಗಿ ಸೇರುವ ದಾರಿ, ಹಾಕಿಸಿ.

ಮುಂದೆ ಪ್ರಿಂಟರ್ ಬದಲಾಯಿಸುವಾಗ

ಹಂತ 2ರ ಹಾಳೆಯಲ್ಲಿ ಪ್ರತಿ ಪ್ರಿಂಟರ್‌ನ ಜಾಗ, ಮಾಡೆಲ್, ಮ್ಯಾಕ್, ಐಪಿ ಬರೆದು ರೂಟರ್ ಪಕ್ಕ ಅಂಟಿಸಿ. ಪ್ರಿಂಟರ್ ಮೇಲೂ ಅದರ ಐಪಿಯ ಚೀಟಿ ಅಂಟಿಸಿ. ಪ್ರಿಂಟರ್ ಕೆಟ್ಟು ಅದೇ ಮಾಡೆಲ್‌ನ ಇನ್ನೊಂದು ತಂದರೆ, ಹಳೆಯ ರಿಸರ್ವೇಶನ್‌ನಲ್ಲಿ ಮ್ಯಾಕ್ ಮಾತ್ರ ತಿದ್ದಿ, ಐಪಿ ಹಾಗೇ ಬಿಡಿ. ಕಂಪ್ಯೂಟರ್‌ಗಳಲ್ಲಿ ಏನೂ ಮುಟ್ಟಬೇಕಿಲ್ಲ. ಬೇರೆ ಮಾಡೆಲ್ ತಂದರೆ ಡ್ರೈವರ್ ಬದಲಾಯಿಸಬೇಕಾಗುತ್ತದೆ, ಪೋರ್ಟ್ ಅದೇ ಇರಲಿ. ರಿಪೇರಿಯಲ್ಲಿ ನೆಟ್‌ವರ್ಕ್ ಇರುವ ಮುಖ್ಯ ಬೋರ್ಡ್ ಬದಲಾಯಿಸಿದ್ದರೆ ಮ್ಯಾಕ್ ಕೂಡ ಬದಲಾಗಿರಬಹುದು. ಸರ್ವಿಸ್‌ನವರು ಹೊರಡುವ ಮುಂಚೆಯೇ ಕಾನ್ಫಿಗರೇಶನ್ ಪುಟ ಒಂದನ್ನು ಮುದ್ರಿಸಿ ಹಾಳೆಯ ಜೊತೆ ಹೋಲಿಸಿ ನೋಡಿ.